ಪಾಲಂನ ವಿಮಾನ ಮತ್ತು ನಾನು ಅರ್ಧಕ್ಕೇ ನಿಲ್ಲಿಸಿದ ಪಾಠ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾವಚಿತ್ರವನ್ನು ಕಳುಹಿಸಿದ್ದ. 1986ರಲ್ಲಿ ನಮ್ಮ ಶಾಲೆಯಿಂದ ಕೈಗೊಂಡ ಉತ್ತರ ಭಾರತ ಪ್ರವಾಸದ ಚಿತ್ರವದು. ಬಣ್ಣ ಮಾಸಿದೆ, ಒಂದು ಮೂಲೆ ಮುರಿದಿದೆ. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ, ನಾಲ್ಕು ಎಂಜಿನ್ನುಗಳ ಒಂದು ಭಾರೀ ವಿಮಾನದ ರೆಕ್ಕೆಯ ನೆರಳಿನಲ್ಲಿ ನೀವೆಲ್ಲ ಸಾಲಾಗಿ ನಿಂತಿದ್ದೀರಿ. ಒಂದು ಬದಿಯಲ್ಲಿ ಕೊಡೆ ಹಿಡಿದು ನಿಂತವನು ನಾನು. ಚಿತ್ರದ ಕೆಳಗೆ ಅವನು ಒಂದೇ ಸಾಲು ಬರೆದಿದ್ದ: "ಮೇಷ್ಟ್ರೇ, ಇದು ಯಾವ ವಿಮಾನ? ಮಗ ಕೇಳುತ್ತಿದ್ದಾನೆ."

ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ನಾನು ಕೊಡಬೇಕಾದ ಉತ್ತರ ಮೂವತ್ತೈದು ವರ್ಷಗಳಿಗೂ ಮೀರಿದ ಬಾಕಿ. ಅಂದು ಆ ರೆಕ್ಕೆಯ ಕೆಳಗೆ ನಿಂತು ನಾನು ನಿಮಗೆ ಹೇಳಿದ ಪಾಠ ಸುಳ್ಳಾಗಿರಲಿಲ್ಲ, ಆದರೆ ಅರ್ಧವಾಗಿತ್ತು. ಇತಿಹಾಸದಲ್ಲಿ ಅರ್ಧ ಹೇಳಿದ ಮಾತು ಕೆಲವೊಮ್ಮೆ ಸುಳ್ಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಆ ಬಾಕಿಯನ್ನು ತೀರಿಸುವುದಕ್ಕಾಗಿಯೇ ಈ ಬರಹ.

ಅಂದು ನಾನು ಹೇಳಿದ್ದು ಇಷ್ಟು: "ಮಕ್ಕಳೇ, ಇದರ ಹೆಸರು ಲಿಬರೇಟರ್. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಬಾಂಬರ್ ವಿಮಾನ. ಬರೆದುಕೊಳ್ಳಿ." ನೀವು ಬರೆದುಕೊಂಡಿರಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಮರಳಿದೆವು.

ಆ ವರ್ಷ ದೀಪಾವಳಿಗೆ ಬೆಂಗಳೂರಿನ ವಿಮಾನಪುರದಲ್ಲಿದ್ದ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಬಂಧುಗಳಿಗೆ ಅವರ ಪರಿಚಯ ಬೇಕಿಲ್ಲ. ಹದಿನೆಂಟನೆಯ ವಯಸ್ಸಿಗೆ, 1944ರಲ್ಲಿ, ವಿಮಾನ ಕಾರ್ಖಾನೆಗೆ ಸೇರಿ ಅಲ್ಲಿಂದಲೇ ನಿವೃತ್ತರಾದವರು. ಮಿತಭಾಷಿ. ನಾನು ಪ್ರವಾಸದ ಸುದ್ದಿ ಹೇಳುತ್ತ ಪಾಲಂನ ಲಿಬರೇಟರಿನ ಮಾತೆತ್ತಿದಾಗ ಅವರು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ಬಾಲದ ಹತ್ತಿರ ತೇಪೆ ಹಾಕಿದ್ದು ಕಾಣಿಸಿತೇನಪ್ಪಾ?"

ನಾನು ನೋಡಿರಲಿಲ್ಲ. ನೋಡಬೇಕೆಂದು ನನಗೆ ತಿಳಿದೂ ಇರಲಿಲ್ಲ.

"ಅಮೆರಿಕದ ವಿಮಾನ ಅಂತ ಹೇಳಿದೆಯಾ ಮಕ್ಕಳಿಗೆ?" ಎಂದು ಕೇಳಿ ಮೆಲ್ಲಗೆ ನಕ್ಕರು. "ಸರಿ, ಹುಟ್ಟಿದ್ದು ಅಲ್ಲೇ. ಸತ್ತ ಮೇಲೆ ಎಬ್ಬಿಸಿದ್ದು ಯಾರು ಅಂತ ಹೇಳಲಿಲ್ಲವಾ ಮೇಷ್ಟ್ರೇ?"

ಆ ಸಂಜೆ ಅವರು ಹೇಳಿದ್ದನ್ನೂ, ಅನಂತರ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಕೊಡುತ್ತಿದ್ದೇನೆ.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧ ಪೂರ್ವದಿಕ್ಕಿಗೆ ಹಬ್ಬಿದ ಮೇಲೆ, 1943ರಲ್ಲಿ, ಕಾರ್ಖಾನೆಯ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಯಿತು. ಪೂರ್ವ ರಂಗದಲ್ಲಿ ಪೆಟ್ಟು ತಿಂದ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು ಎಂದರೆ ಇಂದಿನ ಬೆಂಗಳೂರಿಗರು ನಂಬುವುದು ಕಷ್ಟ. ನಮ್ಮ ಮಾವ ರಿವೆಟ್ ಬಡಿಯುವ ಕೆಲಸ ಕಲಿತದ್ದು ಆ ದಿನಗಳಲ್ಲಿ. ರಿವೆಟ್ ಬಡಿಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬ ಬಡಿಯುವಾಗ ಒಳಗಿನಿಂದ ಇನ್ನೊಬ್ಬ ಉಕ್ಕಿನ ತುಂಡೊಂದನ್ನು ಒತ್ತಿ ಹಿಡಿದಿರಬೇಕು. ಮಾವ ಸಣ್ಣ ಮೈಕಟ್ಟಿನವರಾದ್ದರಿಂದ ಅವರನ್ನು ಇಕ್ಕಟ್ಟಿನ ಜಾಗಗಳೊಳಗೆ ತೂರಿಸುತ್ತಿದ್ದರಂತೆ.

ಯುದ್ಧ ಮುಗಿಯಿತು. ಲೆಂಡ್-ಲೀಸ್ ಒಪ್ಪಂದದಂತೆ ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಪಡೆದಿದ್ದ ಲಿಬರೇಟರುಗಳನ್ನು ಹಿಂದಿರುಗಿಸಬೇಕಾಗಿತ್ತು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕಾಗಿತ್ತು. ಕಾನ್ಪುರದಲ್ಲಿ ಅಂತಹ ಹಲವಾರು ವಿಮಾನಗಳನ್ನು ಒಂದೆಡೆ ಒಟ್ಟುಗೂಡಿಸಿ, ಮತ್ತೆ ಹಾರಬಾರದೆಂದು ಬೇಕೆಂದೇ ಜಖಂಗೊಳಿಸಿ ಬಿಟ್ಟುಹೋದರು. ಉಪಕರಣಗಳನ್ನು ಒಡೆದರು, ಮೈಹಾಳೆಯನ್ನು ತೂತು ಮಾಡಿದರು, ಎಂಜಿನ್ನುಗಳಿಗೆ ಮರಳು ಸುರಿದರು ಎಂದೆಲ್ಲ ಹೇಳುತ್ತಾರೆ.

ಸ್ವಾತಂತ್ರ್ಯದ ಬೆನ್ನಿಗೇ ಕಾಶ್ಮೀರದ ಯುದ್ಧ ಬಂತು. ನಮ್ಮ ಬಳಿ ಭಾರೀ ಬಾಂಬರುಗಳಿರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಆಗ ಕಾನ್ಪುರದ ಆ ಗುಜರಿಯ ಕಡೆಗೆ ದೃಷ್ಟಿ ಹರಿಯಿತು. ಒಂದರ ಎಂಜಿನ್, ಇನ್ನೊಂದರ ಚಕ್ರ, ಮತ್ತೊಂದರ ಚುಕ್ಕಾಣಿ ಎಂದು ಜೋಡಿಸಿ, ಹೇಗೋ ಹಾರಬಲ್ಲ ಸ್ಥಿತಿಗೆ ತಂದ ವಿಮಾನಗಳನ್ನು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿಯವರು ಬೆಂಗಳೂರಿಗೆ ಹಾರಿಸಿ ತಂದರು. ಹಾಗೆ ಬಂದವನ್ನು ಇಲ್ಲಿ ಪೂರ್ತಿಯಾಗಿ ಬಿಚ್ಚಿ ಮತ್ತೆ ಕಟ್ಟಲಾಯಿತು. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಲಿಬರೇಟರುಗಳೊಂದಿಗೆ ಸಜ್ಜಾಯಿತು. ಒಟ್ಟು ನಲವತ್ತರಷ್ಟು ವಿಮಾನಗಳು ಹೀಗೆ ಮರುಜನ್ಮ ಪಡೆದವು. ಮುಂದೆ ಆರನೆಯ ಸ್ಕ್ವಾಡ್ರನ್ನಿನಲ್ಲಿ ಕಡಲ ಗಸ್ತಿನ ಕೆಲಸದಲ್ಲಿ 1968ರವರೆಗೂ ದುಡಿದವು. ಅಮೆರಿಕ ತಾನು ಕಟ್ಟಿದ ಹದಿನೆಂಟು ಸಾವಿರಕ್ಕೂ ಮಿಕ್ಕಿದ ಲಿಬರೇಟರುಗಳಲ್ಲಿ ಹೆಚ್ಚಿನವನ್ನು ಆ ಹೊತ್ತಿಗೆ ಎಂದೋ ಕರಗಿಸಿ ಲೋಹವಾಗಿಸಿತ್ತು.

ಆಗ ಜಗತ್ತಿನ ವಸ್ತುಸಂಗ್ರಹಾಲಯಗಳು ಎಚ್ಚೆತ್ತವು. 1968ರಲ್ಲಿ ಒಂದು ಲಿಬರೇಟರ್ ಕೆನಡಕ್ಕೆ ಹಾರಿತು. ಅದೀಗ ಒಟ್ಟಾವದ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಬದಲಾಗಿ ಕೆನಡದಿಂದ ಬಂದ ಲೈಸಾಂಡರ್ ವಿಮಾನವನ್ನು ನೀವು ಪಾಲಂನಲ್ಲೇ ನೋಡಿದ್ದೀರಿ. 1969ರಲ್ಲಿ ಇನ್ನೊಂದು ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ ಹೋಯಿತು. 1974ರಲ್ಲಿ ಮತ್ತೊಂದು ಇಂಗ್ಲೆಂಡಿಗೆ ಹಾರಿ ಅಲ್ಲಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯವನ್ನು ಸೇರಿತು. ಇಂದು ಲೋಕದಲ್ಲಿ ಪೂರ್ಣರೂಪದಲ್ಲಿ ಉಳಿದಿರುವ ಲಿಬರೇಟರುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ದೊಡ್ಡ ಪಾಲು ಭಾರತದಿಂದ ಹೋದವು. ಬಿಸಾಡಲು ಮನಸ್ಸು ಬಾರದ ಬಡ ದೇಶವೊಂದರ ಮಿತವ್ಯಯ ಅವನ್ನು ಉಳಿಸಿತು.

ನಮ್ಮ ಮಾವ ಕೇಳಿದ ತೇಪೆಯ ಅರ್ಥ ಈಗ ನಿಮಗಾದೀತು. ತೂತಾದ ಮೈಹಾಳೆಯ ಮೇಲೆ ಹೊಸ ಹಾಳೆಯನ್ನಿಟ್ಟು ರಿವೆಟ್ ಬಡಿದ ಗುರುತು ಅದು. ಅಂತಹ ಗುರುತುಗಳನ್ನು ಸಂಗ್ರಹಾಲಯಗಳು ಏನು ಮಾಡಬೇಕು? ನನ್ನ ತಿಳಿವಳಿಕೆಯಂತೆ ಅವುಗಳ ಹೊಣೆ ಮೂರು ಬಗೆಯದು.

ಮೊದಲನೆಯದು ದೇಹರಕ್ಷಣೆ. ವಿಮಾನ ನೋಡಲು ಗಟ್ಟಿ, ಆದರೆ ಬಹಳ ಸುಕುಮಾರವಾದ ವಸ್ತು. ಅದರ ಮೈಹಾಳೆ ಶುದ್ಧ ಅಲ್ಯೂಮಿನಿಯಂ ಅಲ್ಲ, ಬಲಕ್ಕಾಗಿ ತಾಮ್ರ ಬೆರೆಸಿದ ಮಿಶ್ರಲೋಹ. ಮೇಲಿನ ರಕ್ಷಣೆಯ ಪದರ ಸವೆದು ತೇವ ಒಳಹೊಕ್ಕರೆ ಲೋಹ ಒಳಗೊಳಗೇ ಪದರಪದರವಾಗಿ ಉಬ್ಬುತ್ತದೆ, ನೆನೆದ ಪುಸ್ತಕದ ಹಾಳೆಗಳಂತೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿಗೆ ತಾಗಿರುವಲ್ಲಿ ತೇವ ಸೇರಿದರೆ ಕೊಳೆತ ಇನ್ನೂ ಬೇಗ. ಬಿಸಿಲು ಕಿಟಕಿಯ ಪಾರದರ್ಶಕ ಹಾಳೆಯನ್ನು ಬಿರುಕುಗೊಳಿಸುತ್ತದೆ, ರಬ್ಬರನ್ನು ಒಣಗಿಸುತ್ತದೆ. ಹಕ್ಕಿಗಳು ಗೂಡು ಕಟ್ಟುತ್ತವೆ. ಆದ್ದರಿಂದ ವಿಮಾನಕ್ಕೆ ಮೊದಲು ಬೇಕಾದದ್ದು ಸೂರು. ಆದರೆ ಲಿಬರೇಟರಿನ ರೆಕ್ಕೆಯ ಹರಹು ಮೂವತ್ತಮೂರು ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಸೂರು ಕಟ್ಟುವುದು ಸುಲಭವಲ್ಲವಾದ್ದರಿಂದ ಎಲ್ಲ ದೇಶಗಳಲ್ಲೂ ದೊಡ್ಡ ವಿಮಾನಗಳೇ ಹೆಚ್ಚಾಗಿ ಬಯಲಲ್ಲಿ ಉಳಿಯುತ್ತವೆ. ಎಷ್ಟು ಪಾಡು ಪಡಬೇಕಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 2013ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಿಂದ ಜರ್ಮನಿಯ ಡಾರ್ನಿಯರ್ 17 ಬಾಂಬರೊಂದನ್ನು ಮೇಲೆತ್ತಿದರು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಮೈಗೆ ಹಿಡಿದಿದ್ದ ಸಮುದ್ರದ ಉಪ್ಪನ್ನು ಬಿಡಿಸಲು, ಕಾಸ್‌ಫರ್ಡ್‌ನಲ್ಲಿ ವಿಶೇಷ ಗೂಡಾರಗಳನ್ನು ಹಾಕಿ, ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ಅದರ ಮೇಲೆ ದೀರ್ಘಕಾಲ ಸಿಂಪಡಿಸಬೇಕಾಯಿತು. ಸಿಟ್ರಿಕ್ ಆಮ್ಲವೆಂದರೆ ನಮ್ಮ ನಿಂಬೆಹುಳಿಯಲ್ಲಿರುವುದೇ. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದ ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆ ಎನಿಸುತ್ತಿರಲಿಲ್ಲ.

ಎರಡನೆಯ ಹೊಣೆ ಸಾಕ್ಷ್ಯರಕ್ಷಣೆ. ಇಲ್ಲಿ ಒಂದು ತೊಡಕಿದೆ. ಹಳೆಯ ವಿಮಾನವನ್ನು ಹೊಸದರಂತೆ ಹೊಳೆಯಿಸಬೇಕೆಂಬ ಆಸೆ ಸಹಜ. ಡೊಂಕನ್ನು ನೇರ ಮಾಡಿ, ತೇಪೆಯನ್ನು ಕಿತ್ತು, ಹೊಸ ಹಾಳೆ ಹೊದಿಸಿ, ಬಣ್ಣ ಬಳಿದರೆ ನೋಡುಗರಿಗೆ ಸಂತೋಷ. ಆದರೆ ಕಾನ್ಪುರದ ಕೊಡಲಿಯ ಏಟೂ ಬೆಂಗಳೂರಿನ ತೇಪೆಯೂ ಆ ಕ್ಷಣಕ್ಕೆ ಅಳಿಸಿಹೋಗುತ್ತವೆ. ಶಾಸನದ ಅಕ್ಷರ ಸವೆದಿದೆಯೆಂದು ಕಲ್ಲನ್ನು ಉಜ್ಜಿ ನಯಗೊಳಿಸಿದಂತೆ.

ಹಾಗೆಂದು ಹಳೆಯ ವಿಮಾನಗಳು ಹಾರಲೇಬಾರದೆಂದು ನಾನು ಹೇಳಲಾರೆ. ನಮ್ಮ ದೇವಾಲಯಗಳಲ್ಲಿ ಮೂಲಮೂರ್ತಿ ಬೇರೆ, ಉತ್ಸವಮೂರ್ತಿ ಬೇರೆ. ಮೂಲಮೂರ್ತಿ ಗರ್ಭಗುಡಿಯನ್ನು ಬಿಟ್ಟು ಕದಲದು, ಉತ್ಸವಮೂರ್ತಿ ಬೀದಿಗೆ ಬಂದು ಜನರಿಗೆ ದರ್ಶನ ಕೊಡುತ್ತದೆ. 2018ರಲ್ಲಿ ನಮ್ಮ ವಾಯುಪಡೆಯ ಪಾರಂಪರಿಕ ದಳಕ್ಕೆ ಸೇರಿದ 'ಪರಶುರಾಮ' ಎಂಬ ಡಕೋಟಾ ಇಂತಹ ಉತ್ಸವಮೂರ್ತಿ. ಇಂಗ್ಲೆಂಡಿನಲ್ಲಿ ಜೀರ್ಣೋದ್ಧಾರಗೊಂಡ ಆ ವಿಮಾನವನ್ನು ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಉಡುಗೊರೆಯಾಗಿ ಕೊಟ್ಟರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಹೊತ್ತೊಯ್ದ ಡಕೋಟಾದ ಸಂಖ್ಯೆಯನ್ನೇ ಅದಕ್ಕೂ ಇಟ್ಟಿದ್ದಾರೆ. ಹಾರುವ ವಿಮಾನಕ್ಕೆ ಹೊಸ ಭಾಗ ಹಾಕಲೇಬೇಕು, ಅಪಾಯವನ್ನೂ ಒಪ್ಪಿಕೊಳ್ಳಬೇಕು. 2019ರ ಅಕ್ಟೋಬರಿನಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಂದು ಹಳೆಯ ಬಿ-17 ಬಾಂಬರ್ ಅಪಘಾತಕ್ಕೀಡಾಗಿ ಏಳು ಜನ ಸತ್ತರು. ಆದುದರಿಂದ ಹಲವು ಉಳಿದಿದ್ದರೆ ಒಂದು ಹಾರಲಿ, ಆದರೆ ಕೆಲವೇ ಉಳಿದಿದ್ದರೆ ಮೂಲಮೂರ್ತಿಯನ್ನು ಬೀದಿಗೆ ತರುವುದು ಬೇಡ.

ಮೂರನೆಯದು ಸತ್ಯರಕ್ಷಣೆ. ಯುದ್ಧವಿಮಾನ ಆಟಿಕೆಯಲ್ಲ, ಕೊಲ್ಲಲು ಕಟ್ಟಿದ ಯಂತ್ರ. ಹಿರೋಷಿಮಾದ ಮೇಲೆ 1945ರ ಆಗಸ್ಟ್ 6ರಂದು ಅಣುಬಾಂಬ್ ಹಾಕಿದ 'ಇನೋಲಾ ಗೇ' ವಿಮಾನವನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಉಳಿಸಿಕೊಂಡಿದೆ. 1995ರಲ್ಲಿ ಅದರ ಮುಂಭಾಗವನ್ನು ಪ್ರದರ್ಶಿಸುವಾಗ, ನೆಲದ ಮೇಲೆ ಸತ್ತವರ ಕಥೆಯನ್ನೂ ಹೇಳಬೇಕೆಂದು ಸಂಗ್ರಹಾಲಯದವರು ಯೋಜಿಸಿದ್ದರು. ಮಾಜಿ ಸೈನಿಕರ ಸಂಘಗಳೂ ಜನಪ್ರತಿನಿಧಿಗಳೂ ತೀವ್ರವಾಗಿ ವಿರೋಧಿಸಿದರು. ಯೋಜನೆಯನ್ನು ಕೈಬಿಡಲಾಯಿತು, ನಿರ್ದೇಶಕರು ರಾಜೀನಾಮೆ ಕೊಟ್ಟರು, ವಿಮಾನವನ್ನು ಅಲ್ಪ ವಿವರಣೆಯೊಂದಿಗೆ ತೋರಿಸಲಾಯಿತು. ಹಾರಿಸಿದವರ ಗೌರವ ದೊಡ್ಡದೋ, ಸತ್ತವರ ನೆನಪು ದೊಡ್ಡದೋ? ಎರಡನ್ನೂ ಒಂದೇ ಸೂರಿನಡಿ ಹೇಳುವ ಧೈರ್ಯ ಸಂಗ್ರಹಾಲಯಕ್ಕೆ ಇರಬೇಕೆಂಬುದು ನನ್ನ ನಿಲುವು. ಲೋಹ ಉಳಿದು ಮಾತು ಅಳಿದರೆ ಉಳಿಯುವುದು ಲೋಹವಷ್ಟೆ.

ದೂರದ ಮಾತೇಕೆ? ಬೆಂಗಳೂರಿನಲ್ಲಿರುವ ನಿಮ್ಮಲ್ಲಿ ಹಲವರು ದಿನವೂ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡುತ್ತೀರಿ. ಅವರು ಯಾರೆಂದು ಬಲ್ಲಿರಾ? ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ 'ಮಾರುತ್' ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು. 1970ರ ಜನವರಿಯಲ್ಲಿ ಅದೇ ಮಾರುತ್‌ನ ಒಂದು ಮಾದರಿಯನ್ನು ಪರೀಕ್ಷಿಸುತ್ತ ಬೆಂಗಳೂರಿನಲ್ಲೇ ಪ್ರಾಣ ಬಿಟ್ಟವರು. ಒಟ್ಟು 147 ಮಾರುತ್‌ಗಳನ್ನು ಕಟ್ಟಲಾಯಿತು, 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಎಚ್.ಎ.ಎಲ್. 2001ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಒಂದು ಮಾರುತ್ ಇದೆ. ಜರ್ಮನಿಯಲ್ಲಿ ಮ್ಯೂನಿಕ್ ಬಳಿಯ ಷ್ಲೈಸ್‌ಹೈಮ್‌ನಲ್ಲಿಯೂ ಒಂದನ್ನು ಕಾಪಾಡಿಕೊಂಡಿದ್ದಾರೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದ ಆವರಣದ ಮಾರುತ್ ಅನ್ನು ನಾನೇ ನಿಮ್ಮಲ್ಲಿ ಕೆಲವರಿಗೆ ತೋರಿಸಿದ್ದೇನೆ.

ಅದರ ನೆರೆಯಲ್ಲೇ ಇರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲಿದೆ. ಅದರ ಕಾಲ ಸುಮಾರು ಕ್ರಿ.ಶ. 950. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಕಾಳಗ, ಎಲ್ಲವೂ ಆ ಕಲ್ಲಿನಲ್ಲಿವೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಕಾಳಿ ಎಂಬ ಒಂದು ಬೇಟೆನಾಯಿಯ ನೆನಪಿಗೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಹೆಸರು ಸಾವಿರ ವರ್ಷ ದಾಟಿ ನಮಗೆ ಬಂದಿದೆ, ಏಕೆಂದರೆ ಯಾರೋ ಅದನ್ನು ಕಲ್ಲಿನಲ್ಲಿ ಬರೆಸಿದರು. ಲಿಬರೇಟರುಗಳನ್ನು ಎಬ್ಬಿಸಿದ ನಮ್ಮ ಕಾರ್ಖಾನೆಯ ನೂರಾರು ಕೈಗಳ ಹೆಸರು? ಅವರ ವಿಮಾನಗಳು ಪಾಲಂನಲ್ಲಿವೆ, ಲಂಡನ್ನಿನಲ್ಲಿವೆ, ಒಟ್ಟಾವದಲ್ಲಿವೆ. ಅವರ ಬೆಂಗಳೂರಿನಲ್ಲಿ ಒಂದೂ ಇಲ್ಲ.

ಇಷ್ಟೆಲ್ಲ ಉಪದೇಶ ಮಾಡಿದವನು ತನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಾವನಿಗೆ ಪಾಲಂನ ವಿಮಾನವನ್ನು ಒಮ್ಮೆ ನೋಡಬೇಕೆಂಬ ಆಸೆಯಿತ್ತು. ತೇಪೆ ಎಲ್ಲಿದೆಯೆಂದು ಕೈಯಿಟ್ಟು ತೋರಿಸುತ್ತೇನೆ ಎನ್ನುತ್ತಿದ್ದರು. "ಬರುವ ರಜೆಗೆ ಹೋಗೋಣ ಮಾವ" ಎಂದು ನಾನು ಹತ್ತು ರಜೆಗಳನ್ನು ಕಳೆದೆ. 1996ರಲ್ಲಿ ಅವರು ತೀರಿಕೊಂಡರು. ಅವರ ಟ್ರಂಕಿನಲ್ಲಿ ಒಂದು ನೀಲಿ ರಟ್ಟಿನ ಪುಸ್ತಕವಿತ್ತು. ದಿನದಿನದ ಕೆಲಸವನ್ನು, ವಿಮಾನದ ಸಂಖ್ಯೆಯನ್ನು, ಜೊತೆಗಾರನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅದು ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹೋಯಿತು. ಕಟ್ಟನ್ನು ಹಗ್ಗದಿಂದ ಬಿಗಿದು ತಕ್ಕಡಿಯ ಮೇಲಿಟ್ಟವನು ನಾನೇ, ಇತಿಹಾಸದ ಮೇಷ್ಟ್ರು. ಕಾನ್ಪುರದಲ್ಲಿ ವಿಮಾನಗಳನ್ನು ಒಡೆದವರಿಗೆ ಒಪ್ಪಂದದ ಕಾರಣವಾದರೂ ಇತ್ತು.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಸಂಗ್ರಹಾಲಯಗಳ ಹೊಣೆಯನ್ನು ಕೇಳುವ ಮೊದಲು ನಮ್ಮ ಅಟ್ಟವನ್ನೊಮ್ಮೆ ನೋಡೋಣ. ನಿಮ್ಮ ಅಜ್ಜನೋ ತಂದೆಯೋ ವಿಮಾನ ಕಾರ್ಖಾನೆಯಲ್ಲಿ, ರೈಲ್ವೆಯಲ್ಲಿ, ಗಣಿಯಲ್ಲಿ, ಸೈನ್ಯದಲ್ಲಿ ದುಡಿದಿದ್ದರೆ ಅವರ ಗುರುತಿನ ಚೀಟಿ, ಪತ್ರ, ಚಿತ್ರಗಳನ್ನು ರದ್ದಿಗೆ ಹಾಕಬೇಡಿ. ಚಿತ್ರದ ಹಿಂದೆ ಹೆಸರು, ಊರು, ಇಸವಿ ಬರೆದಿಡಿ. ಬದುಕಿರುವ ಹಿರಿಯರಿದ್ದರೆ ಇಂದೇ ಕೂತು ಕೇಳಿ. ಬರುವ ರಜೆಗೆ ಎನ್ನಬೇಡಿ.

ಭಾವಚಿತ್ರ ಕಳುಹಿಸಿದ ಹುಡುಗನಿಗೆ, ಅವನ ಮಗನಿಗೆ, ಅಂದು ಆ ಸಾಲಿನಲ್ಲಿ ನಿಂತಿದ್ದ ನಿಮ್ಮೆಲ್ಲರಿಗೆ ತಿದ್ದಿದ ಪಾಠ ಇದು, ಬರೆದುಕೊಳ್ಳಿ: ಅದರ ಹೆಸರು ಲಿಬರೇಟರ್. ಕಟ್ಟಿದ್ದು ಅಮೆರಿಕದಲ್ಲಿ, ಒಡೆದದ್ದು ಕಾನ್ಪುರದಲ್ಲಿ, ಮತ್ತೆ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ನಿಮ್ಮಲ್ಲಿ ಯಾರಾದರೂ ದೆಹಲಿಗೆ ಹೋದರೆ ಅದರ ಬಾಲದ ಬಳಿ ಹೋಗಿ ನಿಧಾನವಾಗಿ ನೋಡಿ. ತೇಪೆ ಕಂಡರೆ ನನಗೊಂದು ಪತ್ರ ಬರೆಯಿರಿ.